ಅನ್ನಕ್ಕೆ ಕಂಬಳಿ ಹೊದಿಸಿದವರು

ಮಕ್ಕಳೇ, ನೀರನ್ನು ಕುದಿಸಿ ಆರಿಸಿ ಕುಡಿಯುವವರನ್ನು ನೀವು ನೋಡಿದ್ದೀರಿ. ಕುದಿಸಿದ ನೀರು ಆರಿಹೋಯಿತಲ್ಲ ಎಂದು ಅದನ್ನು ಅನುಮಾನದಿಂದ ನೋಡಿ, ಮತ್ತೆ ಒಲೆಗೇರಿಸುವವರನ್ನು ನೋಡಿದ್ದೀರಾ? ಬೇರೆಲ್ಲೂ ಹುಡುಕಬೇಡಿ, ನಮ್ಮ ಮನೆಯಲ್ಲೇ ಇದ್ದಾರೆ. ನಿಮ್ಮ ತಾತನ ಅಕ್ಕ, ನನಗೆ ಅತ್ತಿಗೆ, ನಿಮಗೆಲ್ಲ ದೊಡ್ಡ ಹೆತ್ತೆ. ಊಟಿ ಕಡೆಯ ಈ ಬೆಟ್ಟದ ಮೇಲೆ ಅಜ್ಜಿಯನ್ನು ಹೆತ್ತೆ ಎನ್ನುತ್ತಾರೆಂದು ಗುಂಡ್ಲುಪೇಟೆ ಕಡೆಯಿಂದ ಮದುವೆಯಾಗಿ ಬಂದ ನನಗೆ ಕಲಿಸಿದವರೂ ಅವರೇ. ಅವರ ಹೆಸರನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಬರೆದದ್ದು ತಿಳಿದರೆ ಈ ಕಾಗದವನ್ನೂ ಒಮ್ಮೆ ಕುದಿಸಿಬಿಟ್ಟಾರು!

ಅತ್ತಿಗೆಗೆ ಮಕ್ಕಳಿಲ್ಲ. ಗಂಡ ತೀರಿಕೊಂಡ ಮೇಲೆ ಎಮರಾಲ್ಡ್ ಊರಿನ ಹತ್ತಿರದ ನಮ್ಮ ಹಟ್ಟಿಗೆ, ತಮ್ಮನ ಮನೆಗೆ ಬಂದರು. ಮನೆ ತಮ್ಮನದು, ತೋಟ ತಮ್ಮನದು. ತನ್ನದು ಎಂದು ಹೇಳಿಕೊಳ್ಳಲು ಅವರಿಗೆ ಇದ್ದದ್ದು ಅಡುಗೆ ಒಲೆ ಒಂದೇ. ಆ ಒಲೆಯ ಮುಂದೆ ಅವರು ಕೂತರೆಂದರೆ ಜಿಲ್ಲಾ ಕಲೆಕ್ಟರು ಬಂದರೂ ಬಾಗಿಲಲ್ಲೇ ನಿಲ್ಲಬೇಕು. ತನ್ನ ಕೈಯ ಅನ್ನ ತಿಂದು ಈ ಮನೆಯಲ್ಲಿ ಒಬ್ಬರೂ ಹೊಟ್ಟೆನೋವು ಎಂದು ಮಲಗಿಲ್ಲ ಎಂಬುದೇ ಅವರ ಹೆಮ್ಮೆ, ಅವರ ಆಸ್ತಿ.

"ಬೆಂಕಿ ನೋಡಿದ ಮೇಲೆ ಯಾವ ರೋಗ ನಿಂತೀತು ಹೆಣ್ಣೇ?" ಎನ್ನುತ್ತಿದ್ದರು ನನಗೆ.

ಹಾಗಾಗಿ ಎಲ್ಲವೂ ಬೆಂಕಿ ನೋಡಬೇಕಿತ್ತು! ಹಾಲು ಬೆಳಿಗ್ಗೆ ಉಕ್ಕಬೇಕು, ಮಧ್ಯಾಹ್ನ ಉಕ್ಕಬೇಕು, ಸಂಜೆ ಉಕ್ಕಬೇಕು. ಕೊನೆಗೆ ಲೋಟಕ್ಕೆ ಬರುವ ಹೊತ್ತಿಗೆ ಅದು ಹಾಲೋ ಪೇಡವೋ ತಿಳಿಯುತ್ತಿರಲಿಲ್ಲ. ಒಮ್ಮೆ ನಿಮ್ಮ ತಾತ ಊಟಿಯಿಂದ ಆಸೆಪಟ್ಟು ವರ್ಕಿ ಬಿಸ್ಕತ್ತು ತಂದರು. ವರ್ಕಿಯ ಜೀವವಿರುವುದು ಅದರ ಗರಿಗರಿಯಲ್ಲಲ್ಲವೇ? ಅತ್ತಿಗೆ ಅದನ್ನು ಇಡ್ಲಿ ಪಾತ್ರೆಯಲ್ಲಿಟ್ಟು ಆವಿ ಹೊಡೆಸಿ ತಂದರು. ತಟ್ಟೆಯಲ್ಲಿದ್ದ ಆ ಮುದ್ದೆಯನ್ನು ನಿಮ್ಮ ತಾತ ಬಹಳ ಹೊತ್ತು ನೋಡಿದರು.

"ಅಕ್ಕಾ, ಇದು ಯಾವ ತಪ್ಪು ಮಾಡಿತ್ತು?"

"ಬೇಕರಿಯವನ ಕೈ ನೀನು ನೋಡಿದೆಯಾ? ಬಾಯಿ ಮುಚ್ಚಿಕೊಂಡು ತಿನ್ನು."

ಬಾಯಿ ಮುಚ್ಚಿಕೊಂಡು ತಿನ್ನುವುದು ಹೇಗೆಂದು ಕೇಳುವ ಧೈರ್ಯ ನಮ್ಮ ಮನೆಯ ಗಂಡಸರಿಗೆ ಇರಲಿಲ್ಲ.

ನಿಮ್ಮಪ್ಪ ಕೆಲಸಕ್ಕೆ ಸೇರಿದ ಮೇಲೆ ಫ್ರಿಜ್ಜು ತಂದುಕೊಟ್ಟ. ಅತ್ತಿಗೆ ಅದರ ಸುತ್ತ ಒಂದು ಪ್ರದಕ್ಷಿಣೆ ಬಂದು, "ಹೊರಗೆ ಇಬ್ಬನಿ ಹೆಪ್ಪುಗಟ್ಟುತ್ತೆ, ಇವನು ದುಡ್ಡು ಕೊಟ್ಟು ಚಳಿ ತಂದಿದ್ದಾನೆ, ಪಾಪ" ಎಂದು ವೈರನ್ನು ಕಿತ್ತಿಟ್ಟರು. ಮರುದಿನ ನೋಡಿದರೆ ಒಳಗೆ ಕೊಡೆ, ಟಾರ್ಚು, ತೋಟಕ್ಕೆ ಹೋಗುವಾಗ ಕಟ್ಟುವ ತಲೆವಸ್ತ್ರ! "ಬಾಗಿಲು ಗಟ್ಟಿ ಅದೆ, ಇಲಿ ಹೋಗಲ್ಲ" ಎಂಬುದೇ ಆ ಯಂತ್ರಕ್ಕೆ ಅವರು ಕೊಟ್ಟ ಒಂದೇ ಹೊಗಳಿಕೆ.

ಇನ್ನು ಕಂಬಳಿಯ ವಿಷಯ. ನಮ್ಮ ಚಳಿಯಲ್ಲಿ ಅನ್ನ ಇಳಿಸಿದ ಸ್ವಲ್ಪ ಹೊತ್ತಿಗೆಲ್ಲ ತಣ್ಣಗಾಗುತ್ತದೆ. ಬಂದವರಿಗೆ ತಣ್ಣನೆಯ ಅನ್ನ ಬಡಿಸುವುದು ಹಟ್ಟಿಯಲ್ಲಿ ಮಾನ ಹೋಗುವ ಕೆಲಸ. ಅದಕ್ಕಾಗಿ ಅತ್ತಿಗೆ ದೊಡ್ಡ ಪಾತ್ರೆಯ ಬಾಯಿಗೆ ಬಟ್ಟೆ ಕಟ್ಟಿ, ಮುಚ್ಚಳವಿಟ್ಟು, ಒಲೆಯ ಪಕ್ಕದ ಮೂಲೆಯಲ್ಲಿ ಕೂರಿಸಿ, ಸುತ್ತ ಕಂಬಳಿ ಹೊದಿಸುತ್ತಿದ್ದರು. ಅದೂ ಎಂಥ ಕಂಬಳಿ? ವೆಲ್ಲಿಂಗ್ಟನ್ನಿನ ದಂಡಿನ ಕಚೇರಿಯಲ್ಲಿ ಕೆಲಸಕ್ಕಿದ್ದ ಅವರ ಗಂಡ ತಂದಿಟ್ಟಿದ್ದ ಪಟಾಲಮ್ಮಿನ ದಪ್ಪ ಕಂಬಳಿ. ಆ ಪುಣ್ಯಾತ್ಮ ಬದುಕಿದ್ದಾಗ ಮಾತ್ರ ತೆಳು ಶಾಲು ಹೊದ್ದು ನಡುಗುತ್ತಿದ್ದರಂತೆ. ಕೇಳಿದರೆ, "ಅವರು ಕೆಮ್ಮಿದರೆ ಕಷಾಯ ಕೊಡಬಹುದು. ಅನ್ನ ಆರಿದರೆ ಏನು ಕೊಡುತ್ತೀ?" ಎನ್ನುತ್ತಿದ್ದರು.

ನಗಬೇಡಿ, ನಾನು ನಗುತ್ತಾ ಬರೆಯುತ್ತಿಲ್ಲ. ಇಲ್ಲಿಂದ ಮುಂದೆ ನಡೆದದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿದೆ. ಪುಟ್ಟಿ ಆಗ ನಿಮ್ಮೆಲ್ಲರಿಗಿಂತ ಚಿಕ್ಕವಳು, ಅವಳಿಗೆ ನೆನಪಿರಲಿಕ್ಕಿಲ್ಲ.

ನಿಮ್ಮ ಚಿಕ್ಕಪ್ಪನಿಗೆ ಹೆಣ್ಣು ಕೊಡುವವರು ಮಾವನಲ್ಲ ಎಂಬ ಊರಿನಿಂದ ನಮ್ಮ ಮನೆ ನೋಡಲು ಬರುತ್ತೇವೆ ಎಂದಿದ್ದರು. ಮಧ್ಯಾಹ್ನದ ಊಟಕ್ಕೆ ಬರುವವರು. ಅತ್ತಿಗೆ ಬೆಳಕು ಹರಿಯುವ ಮೊದಲೇ ಅನ್ನ ಬಸಿದು ಕಂಬಳಿ ಹೊದಿಸಿದರು. ಅಷ್ಟರಲ್ಲಿ ಫೋನು ಬಂತು. ಮಸಿನಗುಡಿ ದಾರಿಯಲ್ಲಿ ಆನೆ ನಿಂತಿದೆ, ಅದು ಹೋಗದೆ ನಾವು ಬರುವ ಹಾಗಿಲ್ಲ ಎಂದು. ಆನೆಗೆ ನಮ್ಮ ಅನ್ನದ ಚಿಂತೆ ಇರುತ್ತದೆಯೇ? ಅದು ಆರಾಮವಾಗಿ ನಿಂತಿತು. ಇಲ್ಲಿ ಅತ್ತಿಗೆ ಆಗಾಗ ಕಂಬಳಿಯ ಒಳಗೆ ಕೈ ತೂರಿಸಿ, ಜ್ವರ ಬಂದ ಮಗುವಿನ ಹಣೆ ಮುಟ್ಟುವಂತೆ ಪಾತ್ರೆಯನ್ನು ಮುಟ್ಟಿ, "ಬೆಚ್ಚಗದೆ, ಬೆಚ್ಚಗದೆ" ಎನ್ನುತ್ತಿದ್ದರು.

ನೆಂಟರು ಬಂದಾಗ ಬಿಸಿಲು ಇಳಿಯುತ್ತಿತ್ತು. ಹಸಿವು ತಡೆಯಲಾರದೆ ಅವರು ಊಟಿಯಲ್ಲೇ ಹೊಟ್ಟೆ ತುಂಬಿಸಿಕೊಂಡಿದ್ದರು. ನಾಚಿಕೊಂಡು ಪಾಯಸ ಮಾತ್ರ ಕುಡಿದರು, ಮನೆ ಒಪ್ಪಿದರು, ಹೊರಟರು. ಅವರಿಗಾಗಿ ಕಾದು ಕೂತಿದ್ದ ನಾವು ಎಲೆಯ ಮುಂದೆ ಕೂತೆವು. ಅತ್ತಿಗೆ ಅನ್ನಕ್ಕೆ ಇನ್ನೊಮ್ಮೆ ಚೆನ್ನಾಗಿ ಆವಿ ಹೊಡೆಸಿ, ಹೊಗೆಯಾಡುವಂತೆ ಬಡಿಸಿದರು. ವಾಸನೆಯಿಲ್ಲ, ಹುಳಿಯಿಲ್ಲ. ಪುಟ್ಟಿ ಒಲೆಯ ಪಕ್ಕ ಅವರ ತೊಡೆಯ ಮೇಲೆ ಕೂತು ಎರಡು ಸಲ ಹಾಕಿಸಿಕೊಂಡು ತಿಂದಳು.

ಕತ್ತಲಾಗುವ ಮುಂಚೆ ಪುಟ್ಟಿ ವಾಂತಿ ಮಾಡಿಕೊಂಡಳು. ಆಮೇಲೆ ನಿಮ್ಮಪ್ಪ. ಆಮೇಲೆ ನಾನು. ದೊಡ್ಡವರು ಹೇಗೋ ತಡೆದುಕೊಂಡೆವು. ಆ ಮಗು ನೀರು ಕುಡಿದರೂ ಕಕ್ಕಿ, ತೋಟದಲ್ಲಿ ಕಿತ್ತಿಟ್ಟ ಸೊಪ್ಪಿನ ಹಾಗೆ ಬಾಡಿತು. ಕರೆದರೆ ಕಣ್ಣು ತೆರೆಯಲಿಲ್ಲ. ಜೀಪು ಮಾಡಿಕೊಂಡು ಊಟಿಯ ಆಸ್ಪತ್ರೆಗೆ ಓಡಿದೆವು. ದಾರಿಯುದ್ದಕ್ಕೂ ಅತ್ತಿಗೆ ಪುಟ್ಟಿಯ ಪಾದವನ್ನು ಎರಡೂ ಅಂಗೈಯಲ್ಲಿ ಹಿಡಿದು ತಿಕ್ಕುತ್ತಲೇ ಇದ್ದರು.

ಡ್ರಿಪ್ ಹಾಕಿದ ಮೇಲೆ ಮಗು "ಅಮ್ಮಾ" ಎಂದಿತು. ಆಗ ನಮಗೆಲ್ಲ ಉಸಿರು ಬಂತು. ಡಾಕ್ಟರು ಗೂಡಲೂರು ಕಡೆಯ ಹುಡುಗಿ, ತಮಿಳು, ಮಲೆಯಾಳ, ನಮ್ಮ ಮಾತು ಎಲ್ಲ ಕಲಸಿ ಆಡುತ್ತಿದ್ದಳು, ಅಜ್ಜಿಯರನ್ನು ಪಾಟಿ ಎನ್ನುತ್ತಿದ್ದಳು. ಏನು ತಿಂದಿರಿ, ಯಾವಾಗ ಬೇಯಿಸಿದ್ದು, ಎಲ್ಲಿಟ್ಟಿದ್ದು ಎಂದು ಕೇಳಿದಳು. ಕಂಬಳಿ ಎಂದಾಗ ಅವಳ ಕೈಯ ಪೆನ್ನು ನಿಂತಿತು.

"ಪಾಟೀ, ಅನ್ನಕ್ಕಾ?"

"ಎರಡು ಸಲ ಬೆಂಕಿ ನೋಡಿದ ಅನ್ನ ತಾಯಿ," ಎಂದರು ಅತ್ತಿಗೆ. "ಬೆಂಕಿಯಲ್ಲಿ ಸಾಯದ್ದು ಏನಿದೆ?"

"ಇದೆ ಪಾಟಿ. ಅಕ್ಕಿಯಲ್ಲೇ ಇರುತ್ತೆ, ಕಣ್ಣಿಗೆ ಕಾಣದ ಕ್ರಿಮಿ. ಕುದಿಯುವಾಗ ಅದು ಬೀಜದ ಹಾಗೆ ಗಟ್ಟಿ ಸಿಪ್ಪೆ ಒಳಗೆ ಕೂತುಬಿಡುತ್ತೆ, ಸಾಯಲ್ಲ. ಅನ್ನ ಉಗುರುಬೆಚ್ಚಗಿದ್ದರೆ ಮೊಳಕೆ ಒಡೆದು ಸಾವಿರ ಸಾವಿರ ಆಗುತ್ತೆ. ಆಗ ಅನ್ನದೊಳಗೆ ವಿಷ ಬಿಡುತ್ತೆ. ಮತ್ತೆ ಬಿಸಿ ಮಾಡಿದರೆ ಕ್ರಿಮಿ ಸಾಯಬಹುದು, ವಿಷ ಹೋಗಲ್ಲ."

ಅತ್ತಿಗೆ ಆಲೂಗೆಡ್ಡೆ ಹೊಲದಲ್ಲಿ ಬೆಳೆದವರು. ಬಿತ್ತುವ ಮೊದಲು ಕಳೆಯನ್ನೆಲ್ಲ ಗುಡ್ಡೆ ಹಾಕಿ ಸುಟ್ಟರೂ, ಮೊದಲ ಮಳೆಗೆ ಆ ಬೂದಿಯೊಳಗಿಂದಲೇ ಕಳೆ ಹಸಿರಾಗಿ ಏಳುವುದನ್ನು ಕಂಡವರು.

"ಹಾಗಾದರೆ ಕಳೆಗೆ ನಾನೇ ಮಳೆ ಹುಯ್ಯಿಸಿದೆ," ಎಂದರು.

"ನಿಮಗೆ ಗೊತ್ತಿರಲಿಲ್ಲ ಪಾಟಿ. ನೀರು, ಹಾಲು ಕುದಿಸಿದ್ದು ಒಳ್ಳೆಯದೇ, ಬಿಡಬೇಡಿ. ಅನ್ನ ಮಾತ್ರ ಮಾಡಿದ ಕೂಡಲೇ ತಿನ್ನಿ. ಇಲ್ಲಾಂದ್ರೆ ತೆಳ್ಳಗೆ ಹರಡಿ, ಬೇಗ ಆರಿಸಿ ಫ್ರಿಜ್ಜಲ್ಲಿ ಇಡಿ." ಹೀಗೆನ್ನುತ್ತಾ ಅವಳು ಅತ್ತಿಗೆಯ ಮುಖವನ್ನೇ ನೋಡಿದಳು. "ನೀವು ಯಾಕೆ ಗೋಡೆ ಹಿಡ್ಕೊಂಡಿದ್ದೀರಿ? ನೀವು ಎಷ್ಟು ಹೊತ್ತಿಗೆ ತಿಂದ್ರಿ?"

"ಎಲ್ಲರದೂ ಆದ ಮೇಲೆ. ತಳದಲ್ಲಿ ಇದ್ದದ್ದು."

"ವಾಂತಿ ಆಯ್ತಾ?"

ಅತ್ತಿಗೆ ಹೌದೆಂದು ತಲೆಯಾಡಿಸಿದರು. ಜೀಪು ಹತ್ತುವ ಮೊದಲು ಹಿತ್ತಲಿಗೆ ಹೋಗಿ, ಆಸ್ಪತ್ರೆಗೆ ಬಂದ ಮೇಲೆ ಕೊಳಾಯಿ ಹತ್ತಿರ ಹೋಗಿ, ಯಾರಿಗೂ ಕೇಳದ ಹಾಗೆ ಕಕ್ಕಿ ಬಂದಿದ್ದರು! ಡಾಕ್ಟರು ಬೈಯುತ್ತಲೇ ಅವರನ್ನು ಪುಟ್ಟಿಯ ಪಕ್ಕದ ಮಂಚದಲ್ಲಿ ಮಲಗಿಸಿ, ಅವರಿಗೂ ಡ್ರಿಪ್ ಹಾಕಿಸಿದಳು.

ಮನೆಗೆ ಬಂದ ಮೇಲೆ ಅತ್ತಿಗೆ ಅಡುಗೆಮನೆಯ ಹೊಸ್ತಿಲು ದಾಟಲಿಲ್ಲ. ಟೀ ಗಿಡಗಳ ಪಕ್ಕದ ಬಂಡೆಯ ಮೇಲೆ ಬಿಸಿಲಿಗೆ ಕೂತರೆ ಕೂತರು. ಅಡುಗೆ ನಿಮ್ಮಮ್ಮನದಾಯಿತು. ನಾನು ಹೋಗಿ ಕರೆದೆ.

"ಬನ್ನಿ ಅತ್ತಿಗೆ, ಒಲೆ ನಿಮ್ಮದಲ್ಲವಾ?"

"ನನ್ನ ಕೈ ಕೆಟ್ಟಿತು ಹೆಣ್ಣೇ. ಒಂದು ಹಿಡಿ ಜೀವ, ನನ್ನ ಕೈತುತ್ತು ತಿಂದು ಹೋಗುತ್ತಿತ್ತಲ್ಲ! ಇನ್ನು ಯಾರ ಬಾಯಿಗೆ ಇಡಲಿ?"

ನಾನು ಅವರ ಪಕ್ಕದಲ್ಲಿ ಕೂತೆ. ಹೀಗೇ ದಿನಗಳು ಹೋದವು. ಒಂದು ಮಧ್ಯಾಹ್ನ ಪುಟ್ಟಿ ನಿಮ್ಮಮ್ಮ ಕೊಟ್ಟ ಗಂಜಿಯನ್ನು ತಳ್ಳಿ, ಬಂಡೆಯ ಹತ್ತಿರ ಹೋಗಿ ನಿಂತಳು.

"ಹೆತ್ತೆ, ನಂಗೆ ನಿನ್ನ ಅನ್ನ ಬೇಕು."

"ಬೇಡ ಚಿನ್ನ, ಅಮ್ಮನ ಹತ್ತಿರ ತಿನ್ನು."

"ಅಮ್ಮಂದು ಚೆನ್ನಾಗಿಲ್ಲ!"

ಒಳಗಿದ್ದ ನಿಮ್ಮಮ್ಮನಿಗೆ ಅದು ಕೇಳಿಸಿತು. ಕೋಪ ಮಾಡಿಕೊಳ್ಳಲಿಲ್ಲ, ಕಣ್ಣೊರೆಸಿಕೊಂಡು ಒಲೆಯ ಮುಂದಿನಿಂದ ಎದ್ದು ಜಾಗ ಬಿಟ್ಟಳು. ಅತ್ತಿಗೆ ಒಳಗೆ ಬಂದು ಅಕ್ಕಿ ತೊಳೆದರು. ನಮಗೆ ಎಷ್ಟು ಬೇಕೋ ಅಷ್ಟೇ. ಬಸಿದ ಕೂಡಲೇ ಎಲ್ಲರನ್ನೂ ಕೂಗಿ ಕೂರಿಸಿ ಬಡಿಸಿದರು. ಸೌಟು ಹಿಡಿದು ಎಂದಿನಂತೆ ಗೋಡೆಯ ಪಕ್ಕ ನಿಂತರು.

"ಅತ್ತಿಗೆ, ಆಮೇಲೆ ಎಂದು ಇಡುವ ಹಾಗಿಲ್ಲವಲ್ಲ," ಎಂದೆ ನಾನು. "ಡಾಕ್ಟರು ಹೇಳಿದ್ದು ನಿಮಗೂ ಸೇರಿಸಿಯೇ. ಕೂತುಕೊಳ್ಳಿ."

ಅವರು ತಬ್ಬಿಬ್ಬಾದರು. ಎಲ್ಲಿ ಕೂರಬೇಕೆಂದು ಅವರಿಗೆ ತಿಳಿಯಲಿಲ್ಲ. ಆ ಸಾಲಿನಲ್ಲಿ ಅವರಿಗೊಂದು ಜಾಗವೇ ಇರಲಿಲ್ಲ ಮಕ್ಕಳೇ, ಅದನ್ನು ನಾವ್ಯಾರೂ ಗಮನಿಸಿರಲೂ ಇಲ್ಲ. ಪುಟ್ಟಿ ತನ್ನ ತಟ್ಟೆಯನ್ನು ಪಕ್ಕಕ್ಕೆ ಎಳೆದುಕೊಂಡಳು.

ಅತ್ತಿಗೆ ಕೂತರು. ಒಂದು ತುತ್ತು ಕಲಸಲು ಹೋಗಿ ಬೆರಳು ಸುಟ್ಟು, ಸರಕ್ಕನೆ ಹಿಂದಕ್ಕೆ ತೆಗೆದುಕೊಂಡರು. ಆ ಬೆರಳನ್ನೇ ನೋಡುತ್ತಾ, ಮೆಲ್ಲಗೆ, ಸಣ್ಣ ಮಗುವಿನ ಹಾಗೆ ನನ್ನನ್ನು ಕೇಳಿದರು.

"ನನ್ನ ಅನ್ನ ಇಷ್ಟು ಬಿಸಿ ಇರುತ್ತಾ ಹೆಣ್ಣೇ?"