‘ಸೋರುವ ನಲ್ಲಿ’ಯ ಸ್ವಾತಂತ್ರ್ಯ ಸಂಗ್ರಾಮ

ಸ್ವಾತಂತ್ರ್ಯದ ಬಗ್ಗೆ ಅಧಿಕಾರವಾಣಿಯಿಂದ ಮಾತನಾಡಬಲ್ಲವರು ಆ ಮನೆಯಲ್ಲಿ ಒಬ್ಬರೇ ಇದ್ದರು: ಯಜಮಾನರು. ವಾರಕ್ಕೊಂದು ದೇಶವನ್ನಾದರೂ ದಾಸ್ಯದಿಂದ ಬಿಡಿಸದಿದ್ದರೆ ಅವರಿಗೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಹಗಲಿನಲ್ಲಿ ಅವರು ಕನ್ನಡಕದ ಅಂಗಡಿ ನಡೆಸುವ ಸೌಮ್ಯ ವ್ಯಕ್ತಿ. ಗಿರಾಕಿಗಳ ಮೂಗಿನ ಮೇಲೆ ಚೌಕಟ್ಟು ಕೂರಿಸಿ, ‘ಈಗ ಕೆಳಗಿನ ಸಾಲು ಓದಿ’ ಎನ್ನುವುದಕ್ಕಿಂತ ಕಠಿಣವಾದ ಆಜ್ಞೆಯನ್ನು ಹೊರಡಿಸಿದವರಲ್ಲ. ಸಂಜೆ ಮನೆಗೆ ಬಂದು, ಹಿಂದಿನ ಕೋಣೆಯ ಬಾಗಿಲು ಹಾಕಿಕೊಂಡು ಕಂಪ್ಯೂಟರಿನ ಮುಂದೆ ಕುಳಿತರೆಂದರೆ ಕ್ರಾಂತಿವೀರರು.

ಆಟದ ಸ್ವರೂಪ ಇಷ್ಟು. ಹಡಗಿನಲ್ಲಿ ಬಂದ ಒಂದಿಷ್ಟು ಜನರನ್ನು ಅಪರಿಚಿತ ದಡದಲ್ಲಿ ಇಳಿಸಬೇಕು. ಕಾಡು ಕಡಿದು ಹೊಲ ಮಾಡಬೇಕು, ಕುಲುಮೆ ಹಾಕಬೇಕು, ಶಾಲೆ ಕಟ್ಟಬೇಕು. (ದಡದಲ್ಲಿ ಮೊದಲೇ ಯಾರಾದರೂ ಇದ್ದರೇ ಎಂದು ಆಟ ಕೇಳುವುದಿಲ್ಲ. ಚರಿತ್ರೆಯೂ ಆಗಾಗ ಕೇಳಲು ಮರೆತಿದೆ.) ಬೆಳೆದದ್ದನ್ನು ಸಮುದ್ರದಾಚೆಯ ರಾಜನಿಗೆ ಕಳಿಸುತ್ತಿರಬೇಕು. ರಾಜನಿಗೆ ತೆರಿಗೆ ಏರಿಸುವ ಚಟ. ವಸಾಹತಿನವರ ಹೊಟ್ಟೆ ಉರಿಯುತ್ತದೆ. ಉರಿ ಸಾಕಷ್ಟು ಏರಿದಾಗ ಸ್ವಾತಂತ್ರ್ಯ ಘೋಷಿಸಿ, ದಂಡೆತ್ತಿ ಬಂದ ರಾಜನ ನೌಕಾಪಡೆಯನ್ನು ಹಿಮ್ಮೆಟ್ಟಿಸಿದರೆ ಗೆದ್ದಂತೆ.

ಎಲ್ಲಕ್ಕಿಂತ ಹೆಚ್ಚಾಗಿ ಯಜಮಾನರನ್ನು ಸೆಳೆದದ್ದು ಇದು ಸರದಿಯ ಆಟ ಎಂಬ ಸಂಗತಿ. ‘ಸರದಿ ಮುಗಿಯಿತು’ ಎಂಬ ಗುಂಡಿಯನ್ನು ಒತ್ತುವ ತನಕ ಆ ಜಗತ್ತಿನಲ್ಲಿ ಹೊತ್ತು ಮುಳುಗುವುದಿಲ್ಲ, ಪೈರು ಬೆಳೆಯುವುದಿಲ್ಲ, ಶತ್ರು ಹೆಜ್ಜೆ ಮುಂದಿಡುವುದಿಲ್ಲ. ಕಾಲವೆಂಬುದು ನೋಡುವವನನ್ನು ಅವಲಂಬಿಸಿದೆ ಎಂದು ಭೌತಶಾಸ್ತ್ರದ ಪುಸ್ತಕಗಳಲ್ಲಿ ಓದಿದ್ದ ಅವರಿಗೆ ಇದು ಬಹಳ ಹಿಡಿಸಿತ್ತು. ದುರದೃಷ್ಟವಶಾತ್ ಒಲೆಯ ಮೇಲಿನ ಹಾಲು ಆ ಪುಸ್ತಕಗಳನ್ನು ಓದಿರಲಿಲ್ಲ.

“ರೀ, ಹಾಲು ಉಕ್ತಾ ಇದೆ, ಒಲೆ ಆರಿಸಿ.”

“ಬಂದೆ, ಈ ಸರದಿ ಮುಗೀಲಿ.”

ಬಚ್ಚಲಮನೆಯ ನಲ್ಲಿ ಸೋರಲು ತೊಡಗಿದಾಗಲೂ, ಹಿಂಬಾಗಿಲ ಚಿಲಕ ಕಳಚಿ ಬಂದಾಗಲೂ ಇದೇ ಉತ್ತರ. ಆ ಸರದಿ ಮಾತ್ರ ಇನ್ನೂ ಮುಗಿದಿರಲಿಲ್ಲ.

ಸಂಕಟವಿದ್ದದ್ದು ಮಗಳಿಗೆ. ಊರಿನ ತರುಣ ವಾದ್ಯವೃಂದಕ್ಕೆ ಪಿಟೀಲು ನುಡಿಸುವವರನ್ನು ಆರಿಸುವ ದಿನ ಹತ್ತಿರವಾಗುತ್ತಿತ್ತು. ಹಜಾರದಲ್ಲಿ ಅಭ್ಯಾಸ ಮಾಡೋಣವೆಂದರೆ ಅಲ್ಲಿ ಅಜ್ಜಿಯ ಮಂಚ. ಮಲಗುವ ಕೋಣೆಯಲ್ಲಿ ಕಮಾನು ಎಳೆದರೆ ಮೊಣಕೈ ಕಪಾಟಿಗೆ ಬಡಿಯುತ್ತಿತ್ತು. ಹಾಗಾಗಿ ಅವಳು ಬಚ್ಚಲಮನೆಯಲ್ಲಿ ಬಕೆಟ್ಟನ್ನು ಬೋರಲು ಹಾಕಿ, ಅದರ ಮೇಲೆ ಕುಳಿತು, ನಲ್ಲಿಯ ತೊಟ್ಟಿಕ್ಕುವಿಕೆಯ ತಾಳಕ್ಕೆ ಸಾಧನೆ ಮಾಡುತ್ತಿದ್ದಳು. ಸ್ನಾನಕ್ಕೆ ಹೋಗಬೇಕಾದವರು ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಗೆ ರಸಿಕರಂತೆ ನಿಂತಿರುತ್ತಿದ್ದರು.

“ಅಪ್ಪ, ಹಿಂದಿನ ಕೋಣೆ ನಂಗೆ ಕೊಡು” ಎಂದು ಅವಳು ಕೇಳಿದಾಗ ಯಜಮಾನರು ವಿಜ್ಞಾನದ ಮೊರೆಹೊಕ್ಕರು.

“ನೋಡಮ್ಮ, ಬಚ್ಚಲಮನೆ ಗೋಡೆಗೆಲ್ಲ ಟೈಲ್ಸ್ ಇದೆ. ಶಬ್ದ ಎಷ್ಟು ಚೆನ್ನಾಗಿ ಪ್ರತಿಧ್ವನಿಸುತ್ತೆ ಅಂದ್ರೆ ದೊಡ್ಡ ಸಭಾಂಗಣದಲ್ಲೂ ನಿಂಗೆ ಅದು ಸಿಗಲ್ಲ. ಆ ಕೋಣೆಯ ಗೋಡೆಗಳು ಶಬ್ದ ನುಂಗ್ತವೆ.”

“ಹಂಗಾದ್ರೆ ನೀನೇ ಬಚ್ಚಲಮನೇಲಿ ಆಡು. ಫಿರಂಗಿ ಸದ್ದು ಚೆನ್ನಾಗಿ ಕೇಳ್ಸುತ್ತೆ.”

ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದ ಹೆಂಡತಿಗೆ, ಎಂಥವರಿಂದಲೂ ನೋವಾಗದಂತೆ ರಕ್ತ ತೆಗೆಯುವುದು ಕರಗತವಾಗಿತ್ತು. ಅವಳು ಮೃದುವಾಗಿ ಸೂಜಿ ಚುಚ್ಚಿದಳು. “ಜಗಳ ಯಾಕೆ? ಆ ಆಟಾನ ನಾವೂ ಆಡ್ತೀವಿ. ಗೆದ್ದವರಿಗೆ ಕೋಣೆ. ನಿಮಗೆ ಹೆದರಿಕೆ ಇದ್ರೆ ಬೇಡ ಬಿಡಿ.”

ಯಜಮಾನರಿಗೆ ನಗು ತಡೆಯಲಾಗಲಿಲ್ಲ. ಒಂದೇ ಕಂಪ್ಯೂಟರಿನಲ್ಲಿ ಹಲವರು ಒಬ್ಬರ ನಂತರ ಒಬ್ಬರು ಆಡುವ ಸೌಕರ್ಯ ಅದರಲ್ಲಿತ್ತು. ಬಯಸಿದರೆ ಒಬ್ಬರು ರಾಜನಾಗಲೂಬಹುದಿತ್ತು. ರಾಜರು ಸೋಲುವುದು ಅವರನ್ನು ಯಂತ್ರ ಆಡಿಸುವುದರಿಂದ ಎಂಬುದು ಯಜಮಾನರ ಬಹುಕಾಲದ ಪ್ರಮೇಯ. ದಂಗೆಯ ಒಳಗುಟ್ಟೆಲ್ಲ ಬಲ್ಲ ತಮ್ಮಂಥವರು ಸಿಂಹಾಸನವೇರಿದರೆ ಯಾವ ವಸಾಹತು ತಲೆಯೆತ್ತೀತು? ಪ್ರಮೇಯವನ್ನು ಪ್ರಯೋಗಕ್ಕೆ ಒಡ್ಡುವ ಅವಕಾಶ ತಾನಾಗಿಯೇ ಬಂದಿತ್ತು. ಇಷ್ಟು ಕಾಲ ಲೋಕವನ್ನೆಲ್ಲ ಬಿಡಿಸಿದ ಮಹನೀಯರು ಕ್ಷಣಮಾತ್ರದಲ್ಲಿ ಸಾರ್ವಭೌಮರಾದರು.

ಭಾನುವಾರ ಬೆಳಿಗ್ಗೆ ಎಲ್ಲರೂ ಹಿಂದಿನ ಕೋಣೆಯಲ್ಲಿ ಸೇರಿದರು. ಯಜಮಾನರ ತಾಯಿ, ಅಂದರೆ ಮಗಳ ಅಜ್ಜಿ, ಬಾಗಿಲ ಬಳಿ ಬೆತ್ತದ ಪೀಠ ಹಾಕಿಸಿಕೊಂಡು ಕುಳಿತರು. ಈ ಹಿರಿಯ ಜೀವದ ಬಗ್ಗೆ ಒಂದು ಮಾತು ಹೇಳಲೇಬೇಕು. ಅವರು ಹುಟ್ಟಿದಾಗಿನಿಂದ ಯಾರಿಗೂ ‘ಇಲ್ಲ’ ಎಂದವರಲ್ಲ. ಕೇಳಿದವರಿಗೆ ಇಲ್ಲವೆನ್ನುವುದು ಅವರ ಮಟ್ಟಿಗೆ ಉಗುಳಿದಷ್ಟೇ ಅಸಭ್ಯ. ಮನೆ ಬಾಗಿಲಿಗೆ ಬಂದ ಮಾರಾಟಗಾರರು ಅವರನ್ನು ಕಂಡರೆ ಗೆಲುವಾಗುತ್ತಿದ್ದರು. ಮನೆಯಲ್ಲಿ ಫ್ಲಾಸ್ಕ್ ಎಂಬ ವಸ್ತುವೇ ಇಲ್ಲದಿದ್ದರೂ ಫ್ಲಾಸ್ಕ್ ತೊಳೆಯುವ ಬ್ರಷ್ಷುಗಳು ಡಬ್ಬಿ ತುಂಬ ಇದ್ದವು.

ಹೆಂಡತಿಯೂ ಮಗಳೂ ಜಂಟಿಯಾಗಿ ದಡಕ್ಕಿಳಿದು ಊರು ಕಟ್ಟತೊಡಗಿದರು. ಊರುಗಳಿಗೆ ಹೆಸರಿಡುವ ಹೊಣೆಯನ್ನು ಹೆಂಡತಿ ವಹಿಸಿಕೊಂಡಳು. ಸ್ವಲ್ಪ ಹೊತ್ತಿನಲ್ಲೇ ಸಾರ್ವಭೌಮರ ಸನ್ನಿಧಿಗೆ ವರದಿಗಳು ಬರಲಾರಂಭಿಸಿದವು: ‘ಸೋರುವ ನಲ್ಲಿ ಪಟ್ಟಣದಲ್ಲಿ ಅಸಮಾಧಾನ ಹೆಚ್ಚುತ್ತಿದೆ.’ ‘ಮುರಿದ ಚಿಲಕದ ನಾಗರಿಕರು ತಾಳ್ಮೆ ಕಳೆದುಕೊಂಡಿದ್ದಾರೆ.’ ‘ಉಕ್ಕಿದ ಹಾಲು ಬಂದರಿನಲ್ಲಿ ಗಲಭೆ.’

“ಇದೇನಿದು ಹೆಸರು?” ಎಂದರು ಯಜಮಾನರು.

“ಅಲ್ಲಿನ ಭೌಗೋಳಿಕ ಪರಿಸ್ಥಿತಿ ನೋಡಿ ಇಟ್ಟಿದ್ದು” ಎಂದಳು ಹೆಂಡತಿ.

ಅವರು ತೆರಿಗೆ ಏರಿಸಿದರು. ನಡುವೆ ಹೆಂಡತಿ ಒಲೆ ನೋಡಲು ಎದ್ದು ಹೋದದ್ದನ್ನು ಕಂಡು ಒಂದು ರಾಜಶಾಸನವನ್ನೂ ಹೊರಡಿಸಿದರು: “ಕುರ್ಚಿ ಖಾಲಿ ಬಿಟ್ರೆ ಸರದಿ ಹೋಯ್ತು. ಕುರ್ಚೀಲಿ ಯಾರು ಕೂತಿರ್ತಾರೋ ಅವರದ್ದೇ ಅಧಿಕಾರ.” ಮಗಳು ಅವಸರದಲ್ಲಿ ಹಡಗನ್ನು ಬಂಡೆಯ ಮೇಲೆ ಹತ್ತಿಸಿ, “ಅಪ್ಪ, ತಪ್ಪಿ ಒತ್ಬಿಟ್ಟೆ, ವಾಪಸ್ ತಗೋತೀನಿ” ಎಂದಾಗ ಎರಡನೆಯ ಶಾಸನ ಬಂತು: “ಒತ್ತಿದ್ದು ಒತ್ತಿದ್ದೇ. ಇತಿಹಾಸ ಹಿಂದಕ್ಕೆ ಹೋಗಲ್ಲ.”

“ಪಾಪ, ಮಗು ಕೇಳ್ತಾ ಇದ್ದಾಳಲ್ಲೋ” ಎಂದರು ತಾಯಿ.

“ಅಮ್ಮಾ, ಇದು ರಾಜಕೀಯ. ನಿಂಗೆ ಅರ್ಥ ಆಗಲ್ಲ.”

ಹಡಗು ಕಳೆದುಕೊಂಡ ಮಗಳು ಪರದೆಯ ಮೂಲೆಮೂಲೆಗಳನ್ನು ತಡಕಿ, ಅಲ್ಲಿದ್ದ ಸಣ್ಣ ಗುಂಡಿಯೊಂದನ್ನು ಒತ್ತಿದಳು. ಯಜಮಾನರ ಸರದಿ ಬಂದಾಗ ಅಂಚಿನ ಹೂಬಳ್ಳಿ ಸಮೇತ ಒಂದು ಓಲೆ ಮೂಡಿತು: ‘ಮಹಾಪ್ರಭುಗಳ ಪಾದಾರವಿಂದಗಳಲ್ಲಿ ನಮ್ಮ ವಿನಮ್ರ ಕೋರಿಕೆ. ನಮಗೆ ಸ್ವಾತಂತ್ರ್ಯವನ್ನು ದಯಪಾಲಿಸುವಿರಾ?’ ಕೆಳಗೆ ‘ಹೌದು’, ‘ಇಲ್ಲ’.

ಯಜಮಾನರು ಬೆಚ್ಚಿದರು. ಲೆಕ್ಕವಿಲ್ಲದಷ್ಟು ಕ್ರಾಂತಿಗಳನ್ನು ಮಾಡಿದ್ದರೂ ಸ್ವಾತಂತ್ರ್ಯವನ್ನು ಸುಮ್ಮನೆ ಕೇಳಬಹುದೆಂದು ಅವರಿಗೆ ಹೊಳೆದಿರಲೇ ಇಲ್ಲ. “ಕೇಳಿದ್ರೆ ಯಾವ ರಾಜ ಕೊಡ್ತಾನೆ?” ಎಂದು ನಕ್ಕು ‘ಇಲ್ಲ’ ಒತ್ತಿದರು. ಮಗಳು ಮರುಸರದಿಯಲ್ಲೂ ಕೇಳಿದಳು. ಅದರ ಮರುಸರದಿಯಲ್ಲೂ ಕೇಳಿದಳು. ನೆಗಡಿಯವನ ಸೀನಿನಂತೆ ತಪ್ಪದೆ ಬರುತ್ತಿದ್ದ ಆ ಓಲೆಯನ್ನು ಅವರು ಓದುವುದನ್ನೂ ಬಿಟ್ಟರು.

ಊಟದ ಹೊತ್ತಿಗೆ ವಸಾಹತುಗಳ ಸ್ಥಿತಿ ಕರುಣಾಜನಕವಾಗಿತ್ತು. ಉಕ್ಕಿದ ಹಾಲು ಬಂದರು ಸಾರ್ವಭೌಮರ ವಶವಾಗಿತ್ತು. ಸೋರುವ ನಲ್ಲಿಯನ್ನು ನೌಕಾಪಡೆ ಸುತ್ತುವರಿದಿತ್ತು. ಇನ್ನೊಂದೆರಡು ಸರದಿ, ಅಷ್ಟೆ. ಮಗಳು ಬಕೆಟ್ಟಿನ ಜೀವನವನ್ನು ನೆನೆದು ಮಂಕಾದಳು. ಯಜಮಾನರು ಕೋಣೆಯ ಕಿಟಕಿಗೆ ಹೊಸ ಪರದೆ ಯಾವ ಬಣ್ಣದ್ದು ಹಾಕಿಸಬೇಕೆಂದು ಯೋಚಿಸತೊಡಗಿದರು.

ಆಗ ಬಾಗಿಲ ಗಂಟೆಯ ಸದ್ದಾಯಿತು. ಎದುರುಮನೆಯ ಬಸ್ ಡ್ರೈವರ್ ತಮ್ಮ ಕನ್ನಡಕದ ಮೇಲೆ ತಾವೇ ಕುಳಿತುಬಿಟ್ಟಿದ್ದರು. “ಸಾರ್, ಕಡ್ಡಿ ಕಿತ್ಕೊಂಡ್ ಬಂದಿದೆ. ಡ್ಯೂಟಿಗೆ ಹೊರಟಿದೀನಿ. ಹಿಂಗೇ ಬಸ್ ತಗೊಂಡ್ ಹೋಗ್ಲಾ, ನೀವೇ ಹೇಳಿ.”

ಅದಕ್ಕೆ ಹೌದೆನ್ನಲು ಯಾವ ನಾಗರಿಕನಿಗೂ ಸಾಧ್ಯವಿಲ್ಲ. ಆದರೆ ಕುರ್ಚಿ ಖಾಲಿ ಬಿಡುವಂತಿಲ್ಲವಲ್ಲ. ಯಜಮಾನರು ತಾಯಿಯ ರಟ್ಟೆ ಹಿಡಿದು ಸಿಂಹಾಸನದ ಮೇಲೆ ಕೂರಿಸಿದರು.

“ಸುಮ್ನೆ ಕೂತಿರಮ್ಮ. ‘ಸರದಿ ಮುಗಿಸಲೇ’ ಅಂತ ಕೇಳುತ್ತೆ, ಹೌದು ಅನ್ನೋದನ್ನ ಒತ್ತು. ಅಷ್ಟೆ.”

“ಕೇಳಿದ್ರೆ ಹೌದು ಅನ್ಬೇಕು. ಅದಕ್ಕೇನು, ಅಂದ್ರಾಯ್ತು” ಎಂದರು ತಾಯಿ.

ಚೌಕಟ್ಟಿಗೆ ತಿರುಪು ಬಿಗಿದು, ಡ್ರೈವರನ್ನು ಕಳಿಸಿ, ಸಣ್ಣ ಸ್ಕ್ರೂಡ್ರೈವರನ್ನು ರಾಜದಂಡದಂತೆ ಹಿಡಿದು ಯಜಮಾನರು ಹಿಂತಿರುಗುವಾಗ ಕೋಣೆಯಿಂದ ಗಂಟೆಗಳ ನಾದ ಕೇಳಿಬರುತ್ತಿತ್ತು. ಪರದೆಯ ತುಂಬ ಬಾಣಬಿರುಸು. ಅವರು ಈ ಜನ್ಮದಲ್ಲಿ ಕಂಡಿರದ ಒಂದು ಚಿತ್ರ. ಅದರ ಕೆಳಗೆ ಚಿನ್ನದ ಅಕ್ಷರಗಳು: ‘ಕರುಣಾಳು ಮಹಾಪ್ರಭುಗಳು ಎಲ್ಲ ವಸಾಹತುಗಳಿಗೂ ಸ್ವಾತಂತ್ರ್ಯ ನೀಡಿದ್ದಾರೆ. ವಸಾಹತುಗಳಿಗೆ ಜಯ.’

ಮಗಳು ಅಜ್ಜಿಯ ಕೊರಳಿಗೆ ಜೋತುಬಿದ್ದಿದ್ದಳು. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು, ನಕ್ಕು ನಕ್ಕು.

“ಅಮ್ಮಾ, ಏನ್ ಮಾಡ್ದೆ ನೀನು?”

“ಕೇಳಿದ್ರು ಕಣೋ, ಕೊಟ್ಟೆ. ಎಷ್ಟು ವಿನಯವಾಗಿ ಕೇಳಿದಾರೆ ನೋಡು, ಪಾದಾರವಿಂದ ಅಂತೆಲ್ಲ. ನೀನು ಬೆಳಿಗ್ಗೆಯಿಂದ ಓದೇ ಇಲ್ವಾ?”

“ಇದು ಲೆಕ್ಕಕ್ಕಿಲ್ಲ. ವಾಪಸ್ ತಗೋಬೇಕು.”

“ಒತ್ತಿದ್ದು ಒತ್ತಿದ್ದೇ” ಎಂದಳು ಮಗಳು. “ಇತಿಹಾಸ ಹಿಂದಕ್ಕೆ ಹೋಗಲ್ಲಪ್ಪ.”

“ಅಮ್ಮ ರಾಜ ಅಲ್ವಲ್ಲ.”

“ಕುರ್ಚೀಲಿ ಕೂತವರದ್ದೇ ಅಧಿಕಾರ” ಎಂದಳು ಹೆಂಡತಿ. “ಯಾರೋ ದೊಡ್ಡವರು ಹೇಳಿದ್ದು.”

ತಮ್ಮ ಶಾಸನಗಳು ಇಷ್ಟು ನಿಖರವಾಗಿ ರಚಿತವಾಗಿದ್ದವೆಂದು ಯಜಮಾನರಿಗೇ ಗೊತ್ತಿರಲಿಲ್ಲ. ಸಂಜೆಯೊಳಗೆ ಕಂಪ್ಯೂಟರು ಹಜಾರಕ್ಕೆ, ಅಜ್ಜಿಯ ಮಂಚದ ಪಕ್ಕಕ್ಕೆ ವರ್ಗವಾಯಿತು. ಹಿಂದಿನ ಕೋಣೆಯಲ್ಲಿ ಪಿಟೀಲು ಮೊಣಕೈ ಚಾಚಿ ನುಡಿಯಿತು. ಆ ಗೋಡೆಗಳು ಶಬ್ದವನ್ನು ಚೂರೂ ನುಂಗುವುದಿಲ್ಲವೆಂಬುದು ಪ್ರಯೋಗಪೂರ್ವಕವಾಗಿ ಸಿದ್ಧವಾಯಿತು. ಮಗಳು ವಾದ್ಯವೃಂದಕ್ಕೆ ಆಯ್ಕೆಯಾದಳು; ಹಿಂದಿನ ಸಾಲಿನ ಕೊನೆಯ ಕುರ್ಚಿ, ಆದರೂ ಕುರ್ಚಿ. ಮಾಡಲು ಬೇರೇನೂ ತೋಚದೆ ಯಜಮಾನರು ಚಿಲಕ ಕೂರಿಸಿದರು, ನಲ್ಲಿಗೆ ಹೊಸ ವಾಷರ್ ಹಾಕಿದರು. ಹಾಗೆ ಬಗ್ಗಿ ಕುಳಿತಾಗ ಗುನುಗಿಕೊಂಡ ಹಾಡು ತಮ್ಮ ಕಿವಿಗೇ ಇಂಪಾಗಿ ಕೇಳಿಸಿ, ಬಚ್ಚಲಮನೆಯ ಪ್ರತಿಧ್ವನಿಯ ವಿಷಯದಲ್ಲಾದರೂ ತಮ್ಮ ವಿಜ್ಞಾನ ಸರಿಯಾಗಿತ್ತೆಂದು ಸಮಾಧಾನಪಟ್ಟರು.

ಅಷ್ಟು ಪುಣ್ಯಕಾರ್ಯ ಮಾಡಿದವರಿಗೆ ಒಂದು ಆಟದ ಹಕ್ಕಿರುವುದಿಲ್ಲವೇ? ಕೈ ಒರೆಸಿಕೊಳ್ಳುತ್ತ ಹಜಾರಕ್ಕೆ ಬಂದರೆ, ಕಂಪ್ಯೂಟರಿನ ಮುಂದೆ ತಾಯಿ. ಕನ್ನಡಕವನ್ನು ಮೂಗಿನ ತುದಿಗಿಳಿಸಿ, ರಾಜರ ಕಡೆಯಿಂದ ಆಡುತ್ತ, ಹೊಸ ಹೊಸ ವಸಾಹತುಗಳಿಗೆ ಸ್ವಾತಂತ್ರ್ಯ ದಯಪಾಲಿಸುತ್ತಿದ್ದಾರೆ. ಅವರಿಗೆ ಅದೇ ಅಭ್ಯಾಸವಾಗಿಬಿಟ್ಟಿತ್ತು.

“ಅಮ್ಮ, ಸ್ವಲ್ಪ ಹೊತ್ತು ನಂಗೆ ಬಿಟ್ಕೊಡ್ತೀಯಾ?” ಎಂದು ಅವರು ಸಾಧ್ಯವಾದಷ್ಟು ವಿನಯದಿಂದ ಕೇಳಿದರು. ಫಲಿತಾಂಶದ ಬಗ್ಗೆ ಸಂಶಯವೇ ಇರಲಿಲ್ಲ.

“ಇಲ್ಲ” ಎಂದರು ತಾಯಿ.

ಒಳಗೆ ಪಿಟೀಲು ಸ್ವರದ ಅರ್ಧದಲ್ಲೇ ನಿಂತಿತು. ಹೆಂಡತಿ ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಬಂದಳು.

“ಅಮ್ಮ, ನೀನು ಇಲ್ಲ ಅಂದೆ” ಎಂದರು ಯಜಮಾನರು.

“ಅಂದ್ನಾ?” ತಾಯಿ ಒಂದು ಕ್ಷಣ ಬಾಯಿ ಚಪ್ಪರಿಸಿದರು, ಹೊಸ ರುಚಿಯೊಂದನ್ನು ನೋಡುವಂತೆ. “ಪರವಾಗಿಲ್ಲ ಕಣೋ, ಚೆನ್ನಾಗೇ ಇದೆ. ಅಲ್ಲಿ ಪಾಪ ಜನ ಕಾಯ್ತಾ ಇದ್ದಾರೆ. ಈ ಸರದಿ ಮುಗೀಲಿ.”

ಅಷ್ಟರಲ್ಲಿ ಬಾಗಿಲ ಗಂಟೆಯ ಸದ್ದಾಯಿತು. ತಾಯಿ ಪರದೆಯಿಂದ ಕಣ್ಣು ಕೀಳದೆ ಹೇಳಿದರು: “ಯಾರು ನೋಡು. ಏನಾದ್ರೂ ಮಾರೋಕೆ ಬಂದಿದ್ರೆ ಬೇಡ ಅಂತ ಹೇಳಿ ಕಳಿಸು.”

ಯಜಮಾನರು ಹೋದರು. ಹೊಸ್ತಿಲ ಬಳಿ ಯಾರೋ ಬಹಳ ವಿನಯದಿಂದ ಮಾತಾಡುವುದು ಕೇಳಿಸಿತು. ‘ಇಲ್ಲ’ ಎನಿಸಿಕೊಂಡ ನೋವು ಯಜಮಾನರಲ್ಲಿ ಇನ್ನೂ ಹಸಿಯಾಗಿಯೇ ಇತ್ತು. ಸ್ವಲ್ಪ ಹೊತ್ತಿನ ಮೇಲೆ ಅವರು ಒಳಗೆ ಬಂದು, ಯಾರ ಮುಖವನ್ನೂ ನೋಡದೆ, ಸೀದಾ ಅಡುಗೆಮನೆಗೆ ನಡೆದು, ಡಬ್ಬಿಯ ಮುಚ್ಚಳ ತೆಗೆದು, ಫ್ಲಾಸ್ಕ್ ತೊಳೆಯುವ ಹೊಸ ಬ್ರಷ್ಷೊಂದನ್ನು ಅದರಲ್ಲಿ ತೂರಿಸಲು ಜಾಗ ಹುಡುಕತೊಡಗಿದರು.