ಸೋರುವ ಪೈಪಿನ ಹೂಗಿಡ

ಬಿಗಿಯಪ್ಪ ಮುಟ್ಟಿದ ನಲ್ಲಿ ಮತ್ತೆ ಸೋರಿದ್ದಿಲ್ಲ. ಬಿಗಿಯಪ್ಪ ಎಂಬುದು ಮೂವತ್ತು ವರ್ಷ ಪ್ಲಂಬರ್ ಕೆಲಸ ಮಾಡಿ ಸಂಪಾದಿಸಿದ ಬಿರುದು. ಹೆತ್ತವರು ಇಟ್ಟ ಹೆಸರು ಅವನಿಗೇ ಮರೆತುಹೋಗಿತ್ತು. (ಅವನು ಬಿಗಿದ ನಲ್ಲಿಯನ್ನು ತೆರೆಯಲೂ ಅವನನ್ನೇ ಕರೆಸಬೇಕಿತ್ತು, ಆ ಮಾತು ಬೇರೆ.) ಇಂಥ ಮಹಾನುಭಾವನ ಸ್ವಂತ ಮನೆಯ ಹಿತ್ತಲಲ್ಲಿ ಮಾತ್ರ, ಗೋಡೆಗುಂಟ ಹೋಗುವ ಪೈಪಿನ ಜಾಯಿಂಟು ಮೂರು ವರ್ಷದಿಂದ ಸೋರುತ್ತಿತ್ತು.

ಹೇಳಿ ಹೇಳಿ ಸಾಕಾದ ಹೆಂಡತಿ ಒಂದು ಬೆಳಿಗ್ಗೆ ಸೌಟು ಹಿಡಿದೇ ತೀರ್ಪು ಕೊಟ್ಟಳು. "ಭಾನುವಾರದೊಳಗೆ ಸರಿ ಮಾಡದಿದ್ರೆ ಹಿಂದಿನ ಬೀದಿ ಪ್ಲಂಬರನ್ನ ಕರೆಸ್ತೀನಿ."

ಆ ಹಿಂದಿನ ಬೀದಿಯವನು ರಿಪೇರಿ ಮಾಡಿದ ಪೈಪು ಎಂಟೇ ದಿನಕ್ಕೆ ಕಾರಂಜಿಯಾಗುತ್ತದೆಂದು ಊರಿಗೆಲ್ಲ ಗೊತ್ತು. ಅಂಥವನ ಸೈಕಲ್ಲು ಬಿಗಿಯಪ್ಪನ ಗೇಟಿನ ಮುಂದೆ ನಿಂತರೆ ಮೂವತ್ತು ವರ್ಷದ ಮಾನ ಮೂರಾಬಟ್ಟೆಯಾಗುತ್ತದೆ. ಹಾಗೆಂದು ಬಿಡುವಿನ ದಿನ ಸ್ಪ್ಯಾನರ್ ಹಿಡಿಯಲು ಮೈಯೂ ಬಗ್ಗದು. ದಿಕ್ಕು ತೋಚದೆ ಹಿತ್ತಲಿಗೆ ಹೋದವನ ಕಣ್ಣಿಗೆ ಪೈಪಿನ ಕೆಳಗಿನ ಕೆಸರಲ್ಲಿ ಕತ್ತಿಯಂತೆ ಎದ್ದು ನಿಂತ ಹಸಿರೆಲೆಗಳು ಬಿದ್ದವು.

"ಇದು ಸೋರಿಕೆ ಅಲ್ಲ ಕಣೇ, ಬೇಸಾಯ," ಎಂದು ಘೋಷಿಸಿದ. ಅಪರೂಪದ ಜೌಗು ಗಿಡ, ಹನಿಹನಿಯಾಗಿ ಬೀಳುವ ನೀರಲ್ಲೇ ಬದುಕುವಂಥದ್ದು, ಕೊಡದಲ್ಲಿ ಸುರಿದರೆ ಸತ್ತೇಹೋಗುತ್ತದೆ ಎಂದೆಲ್ಲ ಬಾಯಿಗೆ ಬಂದಂತೆ ಬಿಟ್ಟ. ಹೆಂಡತಿ ಅದು ಬರೀ ಜೊಂಡು ಎಂದಳು. ಅವನು ಬಗ್ಗಿ, ಬುಡದಲ್ಲಿ ಎಲೆಗಳು ಬೀಸಣಿಗೆಯಂತೆ ಒಂದನ್ನೊಂದು ತಬ್ಬಿಕೊಂಡಿರುವುದನ್ನು ತೋರಿಸಿದ. ಇಂಥದೇ ಎಲೆಯ ಬಜೆ ಇರಬಹುದೆಂದು ಅವಳು ಎಲೆ ಹಿಸುಕಿ ಮೂಸಿದಳು. ಆ ವಾಸನೆಯೂ ಇಲ್ಲ. ಹೂ ಬಿಟ್ಟರಷ್ಟೇ ಗಿಡ ಯಾವುದೆಂದು ಗೊತ್ತಾಗುವುದೆಂದು ಕೊನೆಗೆ ಒಂದು ತಿಂಗಳ ವಾಯಿದೆ ಸಿಕ್ಕಿತು. ಹೂ ಬಿಡದಿದ್ದರೆ ಸೈಕಲ್ಲು.

ನಾಲ್ಕನೇ ದಿನ ಪೈಪು ಸೋರುವುದನ್ನು ನಿಲ್ಲಿಸಿತು. ಯಾರ ಹಂಗೂ ಇಲ್ಲದೆ, ತುಕ್ಕು ಕಟ್ಟಿ, ತಾನೇ ವಾಸಿಯಾಗಿತ್ತು. ವಾರದೊಳಗೆ ಎಲೆಗಳ ತುದಿ ಹಳದಿಯಾಯಿತು.

ಕೊಡದಲ್ಲಿ ಸುರಿದರೆ ತನ್ನ ಸುಳ್ಳೇ ಬಯಲಾದೀತೆಂದು ಬಿಗಿಯಪ್ಪ ಜಾಯಿಂಟು ಸಡಿಲಿಸಲು ಕೂತ. ತಲೆ ಒಂದು ಸುತ್ತು ಸಡಿಲಿಸು ಎಂದರೆ, ಕೈ ಹಳೇ ಚಾಳಿಯಲ್ಲಿ ಎರಡು ಸುತ್ತು ಬಿಗಿಯಿತು. ಸವೆದ ವಾಷರ್ ಹಾಕಿದ, ಅದೂ ಕಚ್ಚಿಕೊಂಡಿತು. ಟೇಪೇ ಸುತ್ತದೆ ಜೋಡಿಸಿದ. ಒಂದು ಹನಿ ಬೀಳಲಿಲ್ಲ. ಬಾಡುತ್ತಿದ್ದ ಗಿಡ ನೋಡಿ ಅವನಿಗೆ ನಿಜಕ್ಕೂ ಸಂಕಟವಾಯಿತು. ಸುಳ್ಳು ಹೇಳಲು ಹೋಗಿ ಅದರ ಮೇಲೆ ಮಮತೆ ಹುಟ್ಟಿಬಿಟ್ಟಿತ್ತು.

ಖಾತ್ರಿಯಾಗಿ ಸೋರಿಸಬಲ್ಲವನು ಊರಲ್ಲಿ ಒಬ್ಬನೇ. ಹೆಂಡತಿ ತಂಗಿಯ ಮನೆಗೆ ಹೋದ ಹೊತ್ತು ನೋಡಿ ಬಿಗಿಯಪ್ಪ ಹಿಂದಿನ ಬೀದಿಗೆ ನಡೆದ.

"ನಮ್ಮ ಪೈಪು ರಿಪೇರಿ ಮಾಡ್ಬೇಕಪ್ಪ. ನಿನ್ನ ಮಾಮೂಲಿ ರೀತೀಲೇ."

ಹಿಂದಿನ ಬೀದಿಯವನ ಕಣ್ಣು ತುಂಬಿ ಬಂತು. "ನಿಮ್ಮನೆ ಕೆಲಸಾನ ಮಾಮೂಲಿ ರೀತೀಲಿ ಮಾಡ್ತೀನಾ ಅಣ್ಣಾ?"

ಮೂರು ಗಂಟೆ ಕೂತು, ನಾಲಿಗೆ ಕಚ್ಚಿಕೊಂಡು, ಜೀವಮಾನದಲ್ಲೇ ಮೊದಲ ಬಾರಿಗೆ ಸೋರದ ಜಾಯಿಂಟು ಕೂರಿಸಿದ. ಅಷ್ಟೂ ಹೊತ್ತು ಸೈಕಲ್ಲು ಗೇಟಿನ ಮುಂದೆ ಬೀದಿಗೆಲ್ಲ ದರ್ಶನ ಕೊಟ್ಟಿತು. ಮರುದಿನವೇ ಅವನ ಮನೆಯೆದುರು ಬೋರ್ಡು ಬಂತು: 'ಬಿಗಿಯಪ್ಪನವರ ಮನೆಯ ಪ್ಲಂಬರ್'.

ಮಾನವಂತೂ ಹೋಯಿತು, ಗಿಡವಾದರೂ ಉಳಿಯಲಿ ಎಂದು ಬಿಗಿಯಪ್ಪ ಹೆಂಡತಿಯ ಕಣ್ಣು ತಪ್ಪಿಸಿ ದಿನಕ್ಕೆ ಎಂಟು ಕೊಡ ನೀರು ಹೊತ್ತ. ನಲ್ಲಿಯಿರುವುದು ಬಚ್ಚಲಲ್ಲಿ, ಗಿಡವಿರುವುದು ಹಿತ್ತಲ ತುದಿಯಲ್ಲಿ. ವಾಯಿದೆ ಮುಗಿಯಲು ಎರಡು ದಿನವಿದ್ದಾಗ ನೇರಳೆ ಬಣ್ಣದ ಹೂ ಅರಳಿತು.

ಹೆಂಡತಿ ನರ್ಸರಿಯ ಅಜ್ಜಿಯನ್ನು ಕರೆತಂದಳು. ಅಜ್ಜಿ ಹೂವನ್ನು ತಿರುಗಿಸಿ ನೋಡಿ, ಇದು ಐರಿಸ್, ಜೌಗಿನ ಗಿಡ, ಮತ್ತೆ ನೆಡುವ ಕೆಲಸವೇ ಇಲ್ಲ, ವರ್ಷ ವರ್ಷವೂ ತಾನೇ ಹೂ ಬಿಡುತ್ತದೆ, ಬುಡ ಒಣಗಬಾರದಷ್ಟೆ ಎಂದಳು.

"ಕೊಡದಲ್ಲಿ ಸುರಿದ್ರೆ ಸಾಯುತ್ತಂತಲ್ಲ?" ಎಂದಳು ಹೆಂಡತಿ.

"ಯಾರಮ್ಮ ಹೇಳಿದ್ದು? ಸುರಿದಷ್ಟೂ ಕುಡಿಯುತ್ತೆ. ಗೆಡ್ಡೆ ಹಬ್ಬಿ ಈ ಹಿತ್ತಲೆಲ್ಲ ತುಂಬುತ್ತೆ, ನೋಡ್ತಿರು."

ಹೆಂಡತಿ ಒಳಗೆ ಹೋಗಿ ಇನ್ನೊಂದು ಕೊಡ ತಂದು ಬಿಗಿಯಪ್ಪನ ಕೈಗಿಟ್ಟಳು.

"ಇಷ್ಟು ದಿನ ಒಂದೊಂದೇ ಕೊಡ ಕದ್ದು ಹೊರ್ತಿದ್ರಲ್ಲ," ಎಂದಳು. "ಇನ್ಮೇಲೆ ಎರಡೆರಡು ಹೊರಿ. ಕದಿಯೋದು ಬೇಡ."