ಮಡಿಲಕ್ಕಿಯ ಜೊತೆಗೊಂದು ಕವರ್ ಮೀನು

ನಮ್ಮ ದೊಡ್ಡಮ್ಮನಿಗೆ ಮೀನಿನ ಹುಚ್ಚು ಎಂದು ಬರೆದರೆ ನೀವು ಖಂಡಿತ ತಪ್ಪು ತಿಳಿಯುತ್ತೀರಿ. ನೀವೇಕೆ, ತುರುವೇಕೆರೆ ತಾಲ್ಲೂಕಿನ ಅರ್ಧ ಜನ ಈಗಾಗಲೇ ತಪ್ಪು ತಿಳಿದು ಕೂತಿದ್ದಾರೆ! ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ದೊಡ್ಡಮ್ಮ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಲಿಂಗಪೂಜೆ ಮುಗಿಸದೆ ಕಾಫಿಯನ್ನೂ ಬಾಯಿಗಿಡುವವಳಲ್ಲ. ಮೊಟ್ಟೆ ಹಾಕಿರಬಹುದು ಎಂಬ ಬರೀ ಗುಮಾನಿಯ ಮೇಲೆ ಮೊಮ್ಮಗಳ ಹುಟ್ಟುಹಬ್ಬದ ಕೇಕನ್ನು ಎಮ್ಮೆಗೆ ತಿನ್ನಿಸಿದವಳು. (ಆಮೇಲೆ ಎಮ್ಮೆ ಎರಡು ದಿನ ಬೂಸಾವನ್ನು ಮೂಸಲೂ ಇಲ್ಲ, ಅದು ಬೇರೆ ಮಾತು.) ಇಂಥವಳಿಗೆ ಮೀನಿನ ಹುಚ್ಚೆಂದರೇನು? ಸಾಕುವ ಹುಚ್ಚು ಸ್ವಾಮಿ, ಸಾಕುವ ಹುಚ್ಚು!

ಅದೂ ಅಂಗಡಿಯಲ್ಲಿ ಗಾಜಿನ ಪೆಟ್ಟಿಗೆಯೊಳಗಿಟ್ಟು ಮಾರುವ ಕೆಂಪು, ಹಳದಿ ಮೀನಲ್ಲ. ಕಿರುಬೆರಳಿನಷ್ಟು ಉದ್ದದ, ಪಕ್ಕೆಯುದ್ದಕ್ಕೂ ಒಂದು ಬೆಳ್ಳಿ ಗೆರೆ ಎಳೆದ, ಕೆರೆಯ ಪುಟಾಣಿ ಮೀನು. ಒಂದು ವರ್ಷ ಅವಳ ತವರು ಕಂದಿಕೆರೆಯಲ್ಲಿ ಕೆರೆ ಕೋಡಿ ಬಿತ್ತು. ನೋಡಲು ಹೋದ ದೊಡ್ಡಮ್ಮ ಕೋಡಿಯ ನೀರಿನಲ್ಲಿ ಗುಂಪುಗುಂಪಾಗಿ ಮಿನುಗುತ್ತಿದ್ದ ಆ ಮೀನುಗಳನ್ನು ಕಂಡಳು. ಬುತ್ತಿ ಒಯ್ದಿದ್ದ ಸ್ಟೀಲ್ ಡಬ್ಬಿಯನ್ನು ತೊಳೆದು, ಸೆರಗನ್ನು ಬಲೆ ಮಾಡಿ, ಇಪ್ಪತ್ತು ಮೀನು ಹಿಡಿದು ಬಸ್ಸು ಹತ್ತಿದಳು.

ಡಬ್ಬಿ ತುಳುಕಿ ಪಕ್ಕದವರ ಪಂಚೆ ಒದ್ದೆಯಾಯಿತು. ಕಂಡಕ್ಟರು ಬಂದ.

"ಡಬ್ಬೀಲಿ ಏನಮ್ಮ?"

"ಮೀನು ಕಣಪ್ಪ."

ಪಕ್ಕದಲ್ಲಿದ್ದ ವಿಭೂತಿಯ ಹಿರಿಯರು ಎದ್ದು ಹಿಂದಿನ ಸೀಟಿಗೆ ಹೋದರು. ಇಡೀ ಬಸ್ಸು ತಿರುಗಿ ದೊಡ್ಡಮ್ಮನ ಹಣೆಯನ್ನೂ ಡಬ್ಬಿಯನ್ನೂ ಒಂದಾದ ಮೇಲೊಂದು ನೋಡಿತು.

"ಅಯ್ಯೋ, ತಿನ್ನಾಕಲ್ಲ ಕಣ್ರೀ! ಸಾಕಾಕೆ!" ಎಂದು ದೊಡ್ಡಮ್ಮ ಕೂಗಿದಳು.

"ಎಲ್ರೂ ಹಂಗೇ ಅಂತಾರೆ ಬುಡಿ ಅಮ್ಮ," ಎಂದ ಕಂಡಕ್ಟರು, ಟಿಕೆಟ್ ಹರಿದುಕೊಟ್ಟ.

ಹೀಗೆ ಬಂದ ಇಪ್ಪತ್ತು ಮೀನು ನಮ್ಮೂರಿನಲ್ಲಿ ದೊಡ್ಡಮ್ಮನ ಅಂಗಳದ ನೀರಿನ ತೊಟ್ಟಿ ಸೇರಿ, ಒಂದೇ ವರ್ಷದಲ್ಲಿ ಇನ್ನೂರೋ ಮುನ್ನೂರೋ ಆದವು. ಆಗದೆ ಇರುತ್ತವೆಯೇ? ಅವುಗಳ ಊಟ ಹಾಗಿತ್ತು. ಅಟ್ಟದ ಮೇಲೆ ವರ್ಷವಿಡೀ ಒಣಗಿ, ಅಲ್ಲಾಡಿಸಿದರೆ ಚಿಪ್ಪಿನೊಳಗೆ ಗುಡುಗುಡು ಅನ್ನುವ ಒಳ್ಳೆಯ ಉಂಡೆ ಕೊಬ್ಬರಿಯನ್ನೇ ಆರಿಸಿ ತೆಗೆದು, ನುಣ್ಣಗೆ ತುರಿದು, ಬೆಳಿಗ್ಗೆ ಒಂದು ಹಿಡಿ, ಸಂಜೆ ಒಂದು ಹಿಡಿ! ದೊಡ್ಡಪ್ಪ ಒಮ್ಮೆ ಹೋಳಿಗೆಗೆ ಕೊಬ್ಬರಿ ಸಾಲದು ಎಂದಿದ್ದಕ್ಕೆ, "ನೀವು ಮಾತಾಡ್ತೀರಾ, ಕೇಳಿ ಇಸ್ಕೋತೀರಾ. ಅವಕ್ಕೆ ಬಾಯೈತಾ?" ಎಂದಳು. ದೊಡ್ಡಪ್ಪ ಆ ಸಲ ಬೇಳೆ ಹೋಳಿಗೆ ತಿಂದರು.

ನಾನು ತಿಪಟೂರಿನಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಪಾಠ ಮಾಡುತ್ತೇನೆ. ಆ ತಪ್ಪಿಗೆ ಈ ಮೀನಿನ ಕುಲಗೋತ್ರ ಪತ್ತೆ ಹಚ್ಚುವ ಕೆಲಸವೂ ನನ್ನ ತಲೆಗೇ ಬಿತ್ತು. ಅಲ್ಲಿಲ್ಲಿ ಓದಿ, ಮೊಬೈಲಿನಲ್ಲಿ ಚಿತ್ರ ತೋರಿಸಿ, ಹೀಗೇ ಪಕ್ಕೆಯಲ್ಲಿ ಬೆಳ್ಳಿ ಪಟ್ಟಿ ಇರುವ ಸಣ್ಣ ಮೀನುಗಳ ಒಂದು ದೊಡ್ಡ ಬಳಗವೇ ಇದೆ, ಸಮುದ್ರದ ದಂಡೆಯಲ್ಲಿ, ಹೊಳೆಯ ಬಾಯಲ್ಲಿ ಹಿಂಡುಹಿಂಡಾಗಿ ಓಡಾಡುತ್ತವೆ, ಕೆಲವು ಸಿಹಿನೀರಿನಲ್ಲೂ ಇವೆ ಎಂದು ವಿವರಿಸಿದೆ. ಆದರೆ ನಮ್ಮವು ಅದೇ ಜಾತಿಯೋ ಅಲ್ಲವೋ ಹೇಳಲಾರೆ ಎಂದೂ ಸೇರಿಸಿದೆ. ಟೀಚರಮ್ಮನ ಬುದ್ಧಿ ನೋಡಿ!

ದೊಡ್ಡಮ್ಮ ಚಿತ್ರವನ್ನು ಕನ್ನಡಕದ ಮೇಲಿನಿಂದ, ಕೆಳಗಿನಿಂದ ನೋಡಿದಳು. "ಅನುಮಾನ ಏನ್ ಬಂತೇ? ಮೂಗು ಕಣ್ಣು ಒಂದೇ ಥರ ಅದಾವೆ. ಅವು ಘಟ್ಟದ ಕೆಳಕ್ಕೆ ಮದುವೆ ಮಾಡಿಕೊಟ್ಟ ಹೆಣ್ಮಕ್ಳು. ಇವು ಊರಲ್ಲೇ ಕೊಟ್ಟೋವು. ಪಾಪ, ಅಷ್ಟು ದೂರ! ಹಬ್ಬಕ್ಕೆ ಕರೆಯೋರು ಯಾರು?" ಎಂದು ನಿಟ್ಟುಸಿರು ಬಿಟ್ಟಳು.

ಅಸಲಿ ಕಷ್ಟ ಶುರುವಾದದ್ದು ಮೀನು ಹೆಚ್ಚಾದ ಮೇಲೆ. ನಮ್ಮ ಸೀಮೆಯಲ್ಲಿ ನೆಂಟರನ್ನು ಬರಿಗೈಯಲ್ಲಿ ಕಳಿಸುವ ಪದ್ಧತಿಯಿಲ್ಲ. ಒಂದು ಚೀಲ ತೆಂಗಿನಕಾಯಿ ಇಲ್ಲದೆ ಯಾರೂ ಬಸ್ಸು ಹತ್ತುವ ಹಾಗಿಲ್ಲ. ಹೆಣ್ಣುಮಕ್ಕಳಾದರೆ ಮಡಿಲಿಗೆ ಅಕ್ಕಿ, ಬೆಲ್ಲ, ಕೊಬ್ಬರಿ, ಎಲೆಯಡಿಕೆ. ದೊಡ್ಡಮ್ಮನ ಮನೆಯಲ್ಲಿ ಇದೆಲ್ಲದರ ಮೇಲೆ ಒಂದು ಪ್ಲಾಸ್ಟಿಕ್ ಕವರು! ಅರ್ಧ ನೀರು, ಒಳಗೆ ಹತ್ತು ಮೀನು, ಬಾಯಿಗೆ ಬಾಳೆನಾರಿನ ಕಟ್ಟು. ಕುಂಕುಮ ಇಟ್ಟು, ಮಡಿಲು ತುಂಬಿ, ಕೊನೆಗೆ ಕವರು ಕೈಗಿಟ್ಟು, "ಉಸಿರಾಡ್ಲಿ, ಆಗಾಗ ಬಾಯಿ ಬಿಚ್ಚು" ಅನ್ನುತ್ತಿದ್ದಳು. ನೆಂಟರು ಬರುವುದೇ ಕಡಿಮೆಯಾಯಿತು. ಬಂದವರೂ ದೊಡ್ಡಮ್ಮ ತೊಟ್ಟಿಯ ಕಡೆ ಹೊರಟಳು ಅಂದರೆ ಚಪ್ಪಲಿ ಹುಡುಕತೊಡಗುತ್ತಿದ್ದರು.

ಈಗ ನಮ್ಮಮ್ಮನ ಸಂಗತಿಗೆ ಬರಬೇಕು. ಅಮ್ಮ ದೊಡ್ಡಮ್ಮನ ಓರಗಿತ್ತಿ. ಇಬ್ಬರ ಮನೆಯೂ ಅಕ್ಕಪಕ್ಕ, ನಡುವೆ ಒಂದು ಮೋಟುಗೋಡೆ. ತೊಟ್ಟಿ ಇರುವುದು ದೊಡ್ಡಮ್ಮನ ಕಡೆ, ಆದರೆ ನೀರು ಎರಡೂ ಮನೆಗೆ. ಐದು ವರ್ಷದ ಹಿಂದೆ ಒಂದು ಸೋಮವಾರ ಅಮ್ಮ ಹಿತ್ತಾಳೆ ಬಿಂದಿಗೆಯಲ್ಲಿ ತೊಟ್ಟಿಯಿಂದ ಪೂಜೆಯ ನೀರು ತಂದಳು. ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು, ಕಣ್ಣು ಮುಚ್ಚಿ, ನೀರೆರೆದಳು. ಅಂಗೈಯಲ್ಲಿ ಏನೋ ಪಟಪಟ ಅಂದಿತು. ಕಣ್ಣು ಬಿಟ್ಟರೆ, ಲಿಂಗದ ಪಕ್ಕದಲ್ಲಿ ಬೆಳ್ಳಗೆ ಹೊರಳಾಡುತ್ತಿರುವ ಮೀನು!

ಆ ಕಿರುಚಾಟಕ್ಕೆ ತೋಟದಲ್ಲಿ ಕಾಯಿ ಸುಲಿಯುತ್ತಿದ್ದವರು ಓಡಿಬಂದರಂತೆ.

"ಅಕ್ಕಾ! ಶಿವನ್ ಪೂಜೇಲಿ ಮೀನು ಬಂದೈತೆ! ಏನಿದು ಅನಾಚಾರ?"

"ಬಂದ್ರೆ ಬರ್ಲಿ ಬುಡೇ! ಭಕ್ತಿ ನಿಂಗೊಬ್ಳಿಗೇ ಬರ್ಕೊಟ್ಟವ್ರಾ?"

"ಇನ್ನು ನಿನ್ನ ಅಂಗ್ಳ ತುಳಿದ್ರೆ ಕೇಳು!"

"ತುಳೀಬ್ಯಾಡ ಹೋಗು! ಮೊದ್ಲು ನನ್ ಮೀನು ಕೊಡು!"

"ನಿನ್ ಮೀನಾ? ಚರಂಡಿಗೆ ಬಿಸಾಕ್ದೆ!"

ಅಷ್ಟೇ. ಮಾತು ನಿಂತುಹೋಯಿತು. ಆ ಬಿಂದಿಗೆ ಅಟ್ಟ ಸೇರಿತು. ಅಮ್ಮ ಬೀದಿ ನಲ್ಲಿಯ ನೀರು ಹಿಡಿಯತೊಡಗಿದಳು. ಅಪ್ಪ ಮತ್ತು ದೊಡ್ಡಪ್ಪ ಮಾತ್ರ ಏನೂ ಆಗಿಲ್ಲವೆಂಬಂತೆ ಒಂದೇ ಬೆಂಚಿನ ಮೇಲೆ ಕೂತು ಎಲೆಯಡಿಕೆ ಹಾಕಿಕೊಂಡಿದ್ದರು. ನಡುವೆ ಸಿಕ್ಕಿಬಿದ್ದವಳು ನಾನು. ಊರಿಗೆ ಹೋದರೆ ಮೊದಲು ದೊಡ್ಡಮ್ಮನ ಮನೆ, ಆಮೇಲೆ ಅಮ್ಮನ ಮನೆ. ಇಲ್ಲಿ, "ನಿಮ್ಮಮ್ಮನ ಮಂಡಿನೋವು ಹೆಂಗೈತೆ? ನಾನ್ ಕೇಳ್ದೆ ಅನ್ಬ್ಯಾಡ." ಅಲ್ಲಿ, "ಅವ್ಳು ಬಿಪಿ ಮಾತ್ರೆ ತಗಂತಾ ಅವ್ಳಾ? ನಾನ್ ಕೇಳ್ದೆ ಅನ್ಬ್ಯಾಡ." ಕೇಳಿದೆ ಅನ್ನದೆಯೇ ಕೇಳಿದ್ದನ್ನು ಹೇಳುವುದು ಹೇಗೆಂದು ನನಗೆ ಈಗ ಚೆನ್ನಾಗಿ ಗೊತ್ತು.

ನನ್ನ ಮಡಿಲಿಗೆ ಬಿದ್ದ ಕವರಿನ ಗತಿ? ಮಾಯಸಂದ್ರದಲ್ಲಿ ಬಸ್ಸು ಬದಲಿಸಿ, ಕಾಯಿಚೀಲದ ಜೊತೆ ಈ ಕವರನ್ನೂ ಹಿಡಿದು ನಿಲ್ಲಲು ನನ್ನಿಂದಾಗುತ್ತಿರಲಿಲ್ಲ. ಪ್ರತಿ ಸಲವೂ ಅಮ್ಮನ ಕೈಗೆ ಕೊಟ್ಟು, "ಇದನ್ನೇನಾದರೂ ಮಾಡಮ್ಮ" ಎನ್ನುತ್ತಿದ್ದೆ. "ಕೊಡಿಲ್ಲಿ, ಚರಂಡಿಗೆ ಸುರೀತೀನಿ" ಎಂದು ಅಮ್ಮ ಅದನ್ನು ಕಿತ್ತುಕೊಂಡು ಹಿತ್ತಿಲಿಗೆ ಹೋಗುತ್ತಿದ್ದಳು. ಪಾಪ ಅನ್ನಿಸುತ್ತಿತ್ತು, ಆದರೆ ಹಿಂದೆ ಹೋಗಿ ನೋಡುವಷ್ಟು ಪಾಪ ಅನ್ನಿಸುತ್ತಿರಲಿಲ್ಲ.

ಮುಂದಿನ ವಾರ ದೊಡ್ಡಮ್ಮನ ಫೋನು.

"ಮೀನು ಹೆಂಗವೆ?"

"ಚೆನ್ನಾಗಿವೆ ದೊಡ್ಡಮ್ಮ. ನೀರಿನ ಸಂಪಿಗೆ ಬಿಟ್ಟಿದ್ದೀನಿ."

"ಮರಿ ಆದ್ವಾ?"

"ಆದ್ವು. ಒಂದು ನಲವತ್ತು."

ಒಂದು ಸುಳ್ಳು ಹೇಳಿದರೆ ಸಾಕಾಗುತ್ತದೆಯೇ? ಮರಿಗಳು ಬೆಳೆಯಬೇಕು, ಅವಕ್ಕೂ ಮರಿಗಳಾಗಬೇಕು. ಐದು ವರ್ಷದಲ್ಲಿ ನಾನು ಹೇಳಿದ್ದನ್ನೆಲ್ಲ ಕೂಡಿಸಿದ್ದರೆ ತಿಪಟೂರಿನ ಒಂದೊಂದು ಮನೆಗೂ ಒಂದೊಂದು ಬಕೆಟ್ ಮೀನು ಹಂಚಬಹುದಿತ್ತು!

ಹೀಗಿರುವಾಗ ಹೋದ ತಿಂಗಳು ದೊಡ್ಡಮ್ಮ ಅಣ್ಣನ ಮನೆಯ ಗೃಹಪ್ರವೇಶಕ್ಕೆಂದು ಕಂದಿಕೆರೆಗೆ ಹೋದಳು. ಎರಡು ದಿನ ಮನೆಯಲ್ಲಿ ದೊಡ್ಡಪ್ಪ ಒಬ್ಬರೇ. ಮದುವೆಯಾದಾಗಿನಿಂದ ಕುಡಿದ ಲೋಟವನ್ನೂ ಎತ್ತಿಡದ ಮನುಷ್ಯನಿಗೆ ಅವತ್ತು ಅದ್ಯಾವ ಪ್ರೀತಿ ಉಕ್ಕಿತೋ! ಹೆಂಡತಿ ಬರುವಷ್ಟರಲ್ಲಿ ತೊಟ್ಟಿಯ ಪಾಚಿ ತೆಗೆದು ಫಳಫಳ ಮಾಡಬೇಕು ಅನ್ನಿಸಿತು. ತೆಂಗಿನ ಮರದ ಕಾಂಡದಿಂದ ರಸ ಸೋರುವ ರೋಗಕ್ಕೆ ಸುಣ್ಣದ ಜೊತೆ ಕಲಸಿ ಬಳಿಯಲು ತಂದಿದ್ದ ಮೈಲುತುತ್ತದ ನೀಲಿ ಹರಳು ಮನೆಯಲ್ಲಿತ್ತು. ಅದನ್ನು ಹಾಕಿದರೆ ಪಾಚಿ ಸಾಯುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಹಾಕಿದರು. ಪಾಚಿ ಸತ್ತಿತು. ಮೀನೂ ಸತ್ತವು, ಒಂದೂ ಉಳಿಯಲಿಲ್ಲ.

ದೊಡ್ಡಮ್ಮ ವಾಪಸು ಬಂದ ನಾಲ್ಕನೆಯ ದಿನ ದೊಡ್ಡಪ್ಪ ನನಗೆ ಫೋನು ಮಾಡಿದರು. ಅವರು ಫೋನು ಮಾಡಿದ್ದೇ ಅದು ಮೊದಲ ಸಲ.

"ನಿಮ್ ದೊಡ್ಡಮ್ಮ ನನ್ನ ಬೈತಾ ಇಲ್ಲ ಕಣವ್ವ," ಎಂದರು. "ಒಂದು ಮಾತೂ ಬೈದಿಲ್ಲ. ಊಟಾನೂ ಸರ್ಯಾಗಿ ಮಾಡ್ತಿಲ್ಲ. ಬಂದು ಏನಾರ ಮಾಡವ್ವ."

ಹೋದೆ. ದೊಡ್ಡಮ್ಮ ತೊಟ್ಟಿಯನ್ನು ಮೂರು ಸಲ ತೊಳೆದು, ಹೊಸ ನೀರು ತುಂಬಿಸಿ, ಕಟ್ಟೆಯ ಮೇಲೆ ಕೂತಿದ್ದಳು. ಕೈಯಲ್ಲಿ ಕೊಬ್ಬರಿ ತುರಿ. ತಿನ್ನಲು ಯಾರೂ ಇಲ್ಲ. ಯಾವತ್ತೂ ಅವಳು ಸುಮ್ಮನೆ ಕೂತದ್ದನ್ನು ನೋಡಿದವಳಲ್ಲ ನಾನು.

"ಕಂದಿಕೆರೆಯಿಂದ ಮತ್ತೆ ತರೋಣ ದೊಡ್ಡಮ್ಮ, ನಾನೇ ಬರ್ತೀನಿ," ಎಂದೆ.

"ಅವು ಕೆರೇವು ಕಣೇ. ಇವು ನಾನ್ ಸಾಕಿದ್ದೋವು. ನನ್ ನೆರಳು ಕಂಡ್ರೆ ಬರ್ತಿದ್ವು." ತುರಿಯನ್ನು ಕಟ್ಟೆಯ ಮೇಲಿಟ್ಟು ನನ್ನ ಮುಖ ನೋಡಿದಳು. "ನಿನ್ ಹತ್ರ ಅದಾವಲ್ಲ, ಇದೇ ವಂಶದೋವು. ಒಂದು ಹತ್ತು ಕೊಡು. ಒಂದು ಜೋಡಿ ಕೊಟ್ರೂ ಸಾಕು."

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. "ತರ್ತೀನಿ" ಎಂದು ತೊದಲಿ, ಎದ್ದು, ಗೋಡೆ ಬಳಸಿ ಅಮ್ಮನ ಮನೆಗೆ ಓಡಿದೆ.

ಅಮ್ಮ ಅಡುಗೆಮನೆಯಲ್ಲಿ ಕೊಬ್ಬರಿ ತುರಿಯುತ್ತಿದ್ದಳು. ನಾನು ಎಲ್ಲ ಹೇಳಿಬಿಟ್ಟೆ. ಸಂಪಿನಲ್ಲಿ ಒಂದು ಮೀನೂ ಇಲ್ಲ, ಎಲ್ಲವನ್ನೂ ನಿನ್ನ ಕೈಯಿಂದ ಚರಂಡಿ ಪಾಲು ಮಾಡಿಸಿದೆ, ಈಗ ಯಾವ ಮುಖ ಹೊತ್ತು ಹೋಗಲಿ ಎಂದು ಅತ್ತೂಬಿಟ್ಟೆ.

ಅಮ್ಮ ತುರಿಯುವುದನ್ನು ನಿಲ್ಲಿಸಿದಳು. "ಅಳ್ತಾ ಅವ್ಳಾ?"

"ಇಲ್ಲಮ್ಮ. ಅಳ್ತಾನೂ ಇಲ್ಲ."

"ಅಟ್ಟ ಹತ್ತು. ಬಿಂದಿಗೆ ಇಳಿಸು."

ಐದು ವರ್ಷದ ಹಿಂದೆ ಅಟ್ಟ ಸೇರಿದ್ದ ಅದೇ ಹಿತ್ತಾಳೆ ಬಿಂದಿಗೆ. ಇಳಿಸಿದೆ. ಅಮ್ಮ ಅದನ್ನು ಬೆಳಗಿ ತೊಳೆದು, ಮಂಡಿ ಹಿಡಿದುಕೊಂಡು ಹಿತ್ತಿಲಿಗೆ ನಡೆದಳು. ಅಲ್ಲಿ ದನಗಳು ನೀರು ಕುಡಿಯುತ್ತಿದ್ದ ಹಳೆಯ ಕಲ್ಲುಬಾನಿ. ಮೇಲೆ ತೆಂಗಿನ ಗರಿಯ ತಡಿಕೆ ಮುಚ್ಚಿತ್ತು. ದನ ಮಾರಿ ಎಷ್ಟೋ ಕಾಲವಾಗಿದ್ದರೂ ಬಾನಿ ಯಾಕೆ ತುಂಬಿದೆ ಎಂದು ವಿಜ್ಞಾನದ ಟೀಚರಮ್ಮನಿಗೆ ಒಂದು ದಿನವೂ ಹೊಳೆದಿರಲಿಲ್ಲ ನೋಡಿ! ಅಮ್ಮ ತಡಿಕೆ ಸರಿಸಿದಳು. ನೀರಿನಲ್ಲಿ ನೂರಾರು ಬೆಳ್ಳಿ ಗೆರೆಗಳು ಒಟ್ಟಿಗೆ ತಿರುಗಿದವು.

"ಅಮ್ಮಾ! ಚರಂಡಿಗೆ ಸುರಿದೆ ಅಂತಿದ್ದೆ?"

"ನೀನು ಸಂಪಿಗೆ ಬಿಟ್ಟೆ ಅಂತಿರ್ಲಿಲ್ವಾ?" ಎಂದಳು ಅಮ್ಮ. ಆಮೇಲೆ ಮೆಲ್ಲಗೆ, "ಅವತ್ತು ಲಿಂಗದ ಮೇಲೆ ಬಂದ್ ಬಿತ್ತಲ್ಲ, ಮೊದ್ಲು ಅದನ್ನೇ ಇಲ್ಲಿ ಬಿಟ್ಟಿದ್ದು. ಶಿವನ ಹತ್ರ ಬಂದಿದ್ದನ್ನ ಚರಂಡಿಗೆ ಹಾಕ್ತಾರೇನೆ? ಒಂದೇ ಒಂದು ಇತ್ತು, ಪಾಪ. ಆಮೇಲೆ ನೀನು ತಂದು ಕೊಡ್ತಾ ಹೋದೆ. ನಿಂತ್ಕಬ್ಯಾಡ, ಜರಡಿ ತಾ."

ಐದು ವರ್ಷದ ಮೇಲೆ ಅಮ್ಮ ಆ ಅಂಗಳ ತುಳಿದಳು. ಬಿಂದಿಗೆ ಸೊಂಟದ ಮೇಲಿತ್ತು. ನಾನು ಹೊರುತ್ತೇನೆಂದರೆ ಕೊಡಲಿಲ್ಲ. ದೊಡ್ಡಪ್ಪ ಜಗಲಿಯಿಂದ ಎದ್ದು ನಿಂತವರು ಹಾಗೇ ನಿಂತಿದ್ದರು.

"ಅಕ್ಕ," ಎಂದಳು ಅಮ್ಮ. "ನಾನ್ ಬಿಸಾಕಿದ್ದೋವ್ನ ತಂದಿದೀನಿ. ತಗಾ."

ದೊಡ್ಡಮ್ಮ ಬಿಂದಿಗೆಯೊಳಗೆ ಇಣುಕಿದಳು. ಅವಳು ಆಶ್ಚರ್ಯದಿಂದ ಕೂಗುತ್ತಾಳೆಂದು ನಾನು ಕಾಯುತ್ತಿದ್ದೆ.

"ಇಷ್ಟೇನಾ?" ಎಂದಳು. "ಬಾನೀಲಿ ಇನ್ನೂ ಇದ್ವಲ್ಲೇ."

ಅಮ್ಮ ಬಾಯಿ ಬಿಟ್ಟುಕೊಂಡು ನಿಂತಳು. "ನಿಂಗ್ ಗೊತ್ತಿತ್ತಾ?"

"ಆ ಗೋಡೆ ಎಷ್ಟೆತ್ತರ ಐತೆ ಅನ್ಕಂಡಿದೀಯ? ದಿನಾ ತಡಿಕೆ ಸರಿಸಿ ಕೊಬ್ಬರಿ ಹಾಕಿ, ನನ್ನ ಬೈಕೊಂಡು ಹೋಗ್ತಿದ್ದೆಯಲ್ಲ, ಕೇಳ್ತಿರ್ಲಿಲ್ವಾ? ನಿಂಗೇ ಅಂತಲೇ ಇವಳ ಕೈಲಿ ಕಳಿಸ್ತಿದ್ದೆ. ಇವತ್ತು ನಾನೇ ಬಂದು ಕೇಳಾಕೆ ಮುಖ ಬರ್ಲಿಲ್ಲ. ಅದಕ್ಕೇ ಇವಳನ್ನ ಕೇಳ್ದೆ." ಸೆರಗಿನಿಂದ ಮೂಗು ಒರೆಸಿಕೊಂಡಳು. ಅಮ್ಮನ ಸೊಂಟದಿಂದ ಬಿಂದಿಗೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಗದರಿದಳು: "ಮಂಡಿ ನೋಯ್ತದೆ ಅಂತೀಯ. ಇಷ್ಟು ಭಾರ ಹೊತ್ಕಂಡು ಯಾಕ್ ಬಂದ್ಯೇ? ಒಂದ್ ಸಲ ಕೂಗಿದ್ರೆ ನಾನೇ ಬತ್ತಿರ್ಲಿಲ್ವಾ?"

ಇಬ್ಬರೂ ಸೇರಿ ತೊಟ್ಟಿಗೆ ಬಿಂದಿಗೆ ಬಗ್ಗಿಸಿದರು.

ಸಂಜೆ ನಾನು ಹೊರಟಾಗ ಇಬ್ಬರೂ ಒಟ್ಟಿಗೇ ಕುಂಕುಮ ಇಟ್ಟರು. ಅಕ್ಕಿ ಅಮ್ಮನದು, ಕೊಬ್ಬರಿ ದೊಡ್ಡಮ್ಮನದು, ಮೇಲೊಂದು ಕವರು. ಮಾಯಸಂದ್ರದಲ್ಲಿ ಕಾಯಿಚೀಲ ಕೆಳಗಿಟ್ಟು ಬಸ್ಸಿಗೆ ಕಾದೆ. ಕವರನ್ನು ಮಾತ್ರ ತಿಪಟೂರಿನವರೆಗೂ ಕೆಳಗಿಡಲಿಲ್ಲ, ಆಗಾಗ ಬಾಯಿ ಬಿಚ್ಚುತ್ತಿದ್ದೆ.